ಕೊಕ್ಕರೆಗೆ ಗೊತ್ತಾಗಬಾರದು

ಟಕ್... ಟಕ ಟಕ್.

ತೀರಾ ಸಣ್ಣ ಸದ್ದು. ಬೇರೆ ಯಾರಿಗಾದರೂ ಕೇಳಿಸುತ್ತಲೇ ಇರಲಿಲ್ಲವೇನೋ. ಆದರೆ ದೀಕ್ಷಿತಾ ಎಲೆ ಬಿದ್ದರೂ ತಿರುಗಿ ನೋಡುವವಳು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಚಹಾದ ಲೋಟ ಹಿಡಿದು ಗದ್ದೆಯ ಹುಣಿಯ, ಅಂದರೆ ಬದುವಿನ ಮೇಲೆಯೇ ನಿಂತುಬಿಟ್ಟಳು.

ಸುಗ್ಗಿ ಬೆಳೆಗೆ ನೀರು ಬಿಡಬೇಕಾದ ಹೊತ್ತಿಗೇ ಪಂಪಿನ ಮೋಟಾರ್ ಸುಟ್ಟಿತ್ತು. ಬೆಳುವಾಯಿಯ ಆ ಕಡೆಗೆ ತ್ರೀ ಫೇಸ್ ಕರೆಂಟ್ ಬರುವುದೇ ರಾತ್ರಿ. ಹಾಗಾಗಿ ಮೋಟಾರ್ ರಿಪೇರಿಯ ವೈಂಡಿಂಗ್ ಅಂಗಡಿಯ ಮನ್ವಿತ್ ಊಟ ಮುಗಿಸಿ ಬಂದು, ಶೆಡ್ಡಿನಲ್ಲಿ ಮೋಟಾರ್ ಕೂರಿಸುತ್ತಿದ್ದ. "ಅವನಿಗೊಂದು ಚಹಾ ಕೊಟ್ಟು ಬಾ" ಎಂದು ಕಳಿಸಿದವರು ಮನೆಯ ಯಜಮಾನ, ಅವಳ ಅಮ್ಮನ ಅಣ್ಣ, ದೊಡ್ಡ ಮಾವ ಭೋಜ ಶೆಟ್ಟರು.

ಟಕ್... ಟಕ ಟಕ್. ಸ್ಕ್ರೂಡ್ರೈವರಿನಿಂದ ಮೋಟಾರಿನ ಮೈಗೆ ತಾಳ ಹಾಕುತ್ತಾ ಅವನು ಗುನುಗತೊಡಗಿದ.

'ಗದ್ದೆಗಿಳಿಯದ ಬಿಳಿ ಕೊಕ್... ಕರೆಯೇ...'

ಪದದ ನಡುವೆ ಉಸಿರು ಕಡಿಯಿತು!

ಲೋಟ ಕೈಜಾರಿ ಕಲ್ಲಿನ ಮೇಲೆ ಬಿತ್ತು.

"ಯಾರದು?"

"ಚಹಾ..."

"ಬಿದ್ದದ್ದು ಚಹಾ ಅಂತ ಗೊತ್ತಾಯ್ತು. ನೀವು ಯಾರು?"

"ಈ ಮನೆಯವಳು" ಎಂದಳು ದೀಕ್ಷಿತಾ.

ಅವನು ಬಲ್ಬಿನ ಬೆಳಕಿನಲ್ಲಿ ಅವಳ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಏನೋ ಹೇಳಹೊರಟು, ಬೇಡವೆಂದು ಮತ್ತೆ ಮೋಟಾರಿನ ಕಡೆ ತಿರುಗಿದ.

ದೀಕ್ಷಿತಾ ವಾಪಸ್ ನಡೆದಳು. ಕಾಲು ನೆಲದ ಮೇಲಿರಲಿಲ್ಲ.

'ಸಿಕ್ಕಿಬಿದ್ದೆ... ಕೊನೆಗೂ ಸಿಕ್ಕಿಬಿದ್ದೆ ಕಳ್ಳ!'

* * *

ಹನ್ನೆರಡು ವರ್ಷದ ಹಿಂದೆ ಮೂಡುಬಿದಿರೆಯಲ್ಲಿ ಮೂವರು ಹುಡುಗರು ಒಂದು ಬ್ಯಾಂಡ್ ಕಟ್ಟಿದ್ದರು. ಅಭ್ಯಾಸ ಮುಗಿಯುವಾಗ ದಿನಾ ಕೊನೆಯ ಬಸ್ಸು ತಪ್ಪುತ್ತಿತ್ತಂತೆ, ಅದಕ್ಕೇ ಬ್ಯಾಂಡಿಗೆ 'ಕೊನೆ ಬಸ್' ಎಂದೇ ಹೆಸರು. ಹಾಡುವವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಕಂಡಕ್ಟರ್' ಎಂದು. ಉದ್ದ ಕೂದಲು, ಕಾಡಿನಂಥ ಗಡ್ಡ. ನಿಜವಾದ ಮುಖ ಹೇಗಿತ್ತೋ ಯಾರಿಗೂ ಗೊತ್ತಿಲ್ಲ.

ಅವರ 'ಬಿಳಿ ಕೊಕ್ಕರೆ' ಎಂಬ ತುಳು ಹಾಡು ಕಾಲೇಜು ಹುಡುಗರ ಎದೆಯಲ್ಲಿ ಕೂತುಬಿಟ್ಟಿತು. ಗದ್ದೆಗಿಳಿಯದ ಬಿಳಿ ಕೊಕ್ಕರೆಯೇ, ನಿನ್ನ ಕಾಲಿಗೇಕೆ ಕೆಸರಿಲ್ಲ ಎಂಬುದು ಅದರ ಪಲ್ಲವಿಯ ಅರ್ಥ. ಕೈಗೆ ಸಿಗದ ಪ್ರೇಯಸಿಯೇ ಆ ಕೊಕ್ಕರೆ ಎಂದುಕೊಂಡು ಎಷ್ಟೋ ಹುಡುಗರು ಹಾಸ್ಟೆಲಿನಲ್ಲಿ ಅತ್ತರು. ಒಂದೇ ವರ್ಷದಲ್ಲಿ ಬ್ಯಾಂಡ್ ಒಡೆಯಿತು. ಕಂಡಕ್ಟರ್ ಮಾಯವಾದ. ಹಾಡು ಮಾತ್ರ ಇನ್ನೂ ಬದುಕಿತ್ತು.

ಈಗ ಫೋನಿನಲ್ಲಿ ಅಭಿಮಾನಿಗಳದೊಂದು ಗುಂಪಿದೆ. ಹಳೆಯ ಬ್ಯಾಂಡಿನವರು ಎಲ್ಲಿದ್ದಾರೆಂದು ಪತ್ತೆ ಹಚ್ಚುವುದೇ ಅವರ ಆಟ. ಗಿಟಾರಿನ ಸುಹೈಬ್ ಬಿ.ಸಿ.ರೋಡಿನಲ್ಲಿ ಕನ್ನಡಕದ ಅಂಗಡಿ ಇಟ್ಟದ್ದು ಗೊತ್ತಾದಾಗ, ಕಣ್ಣು ಸರಿ ಇದ್ದವರೂ ಹೋಗಿ ಪರೀಕ್ಷೆ ಮಾಡಿಸಿ ಫೋಟೊ ಹಾಕಿದ್ದರು! ಕಂಡಕ್ಟರ್ ಎಲ್ಲಿದ್ದಾನೆಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ.

ದೀಕ್ಷಿತಾ ಮೂಡುಬಿದಿರೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಆ ಗುಂಪಿಗೆ ಅವಳು ಸೇರಿದ್ದು ಅಭಿಮಾನದಿಂದಲ್ಲ, ಹಗೆಯಿಂದ.

ಏಕೆಂದರೆ ಅದು ಅವಳ ಅಮ್ಮ ಕಟ್ಟಿದ ಹಾಡು.

ಅಮ್ಮ ಪ್ರೇಮಾವತಿ ಗಂಡ ತೀರಿದ ಮೇಲೆ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದಿದ್ದಳು. ನಾಟಿಯ ದಿನ ಆಳುಗಳ ಜೊತೆ ಗದ್ದೆಗಿಳಿದು, ಹುಣಿಯವರೆಗೆ ಕೇಳಿಸದಷ್ಟು ಮೆಲ್ಲಗೆ ಅದನ್ನು ಹಾಡುತ್ತಿದ್ದಳು. ಬೆನ್ನು ಬಗ್ಗಿಸಿ ನೇಜಿಯ ಸಸಿ ಊರುವಾಗ 'ಕೊಕ್ಕರೆ' ಎಂಬಲ್ಲಿ ಸರಿಯಾಗಿ ಉಸಿರು ಕಡಿಯುತ್ತಿತ್ತು. ಮಗಳ ಜಡೆ ಹೆಣೆಯುತ್ತಾ ಹಾಡುವಾಗಲೂ ಅಲ್ಲೇ ಕಡಿಯುತ್ತಿತ್ತು. ಹಾಡನ್ನು ಆಮೇಲೆ ಹಾಡಿದ ನೂರು ಜನ ಆ ಪದವನ್ನು ನಯವಾಗಿ ಎಳೆದರು. ಹಾಗೆಯೇ ಕಡಿದು ಹಾಡಿದವನು ಕಂಡಕ್ಟರ್ ಒಬ್ಬನೇ.

ಆದರೆ ಬ್ಯಾಂಡಿನವರು ಹಾಕಿದಂತೆ ಸಾಹಿತ್ಯ, ರಾಗ ಯಾರದೆಂದರೆ... 'ಜನಪದ'!

ದೀಕ್ಷಿತಾ ಹಾಸ್ಟೆಲಿನಿಂದ ಓಡಿ ಬಂದು ಅಮ್ಮನಿಗೆ ಫೋನಿನಲ್ಲಿ ಆ ಹಾಡು ಕೇಳಿಸಿದ್ದಳು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಕೋಣೆಗೆ ಹೋದಳು. ಹಿಂದಿನಿಂದ ಕಂಡದ್ದು ಗಡಗಡ ಕುಲುಕುವ ಹೆಗಲು ಮಾತ್ರ.

ಆ ಹೆಗಲನ್ನು ಮಗಳು ಇವತ್ತಿಗೂ ಮರೆತಿಲ್ಲ. ಅಮ್ಮ ತೀರಿಕೊಂಡ ದಿನ ಮನಸ್ಸಿನಲ್ಲೇ ಪಣ ತೊಟ್ಟಿದ್ದಳು. 'ನಿನ್ನನ್ನು ಅಳಿಸಿದವನನ್ನು ನಾನು ಬಿಡುವುದಿಲ್ಲ ಅಮ್ಮ.'

* * *

ಸುಮ್ಮನೆ ಫೋಟೊ ಹಾಕಿದರೆ ಅವನಿಗೆ ಹಾರ ಬೀಳುತ್ತದೆ. ಅದು ಅವಳಿಗೆ ಬೇಡ. ಅವನೇ ಬಾಯಿಬಿಡಬೇಕು. ಕದ್ದದ್ದು ಹೌದು ಎನ್ನಬೇಕು. ಅದನ್ನು ರೆಕಾರ್ಡ್ ಮಾಡಿ ಗುಂಪಿಗೆ ಹಾಕಬೇಕು!

ಅದಕ್ಕೆ ಅಂಗಡಿಗೆ ಹೋಗಲು ಒಂದು ನೆಪ ಬೇಕಲ್ಲ? ಮರುದಿನ ಮಿಕ್ಸಿಯ ವೈರ್ ಕತ್ತರಿಸಿಕೊಂಡು ಹೋದಳು.

"ಇಲಿ ಕಡಿದದ್ದು" ಎಂದಳು ಮುಖ ಬಿಗಿದುಕೊಂಡು.

ಮನ್ವಿತ್ ವೈರನ್ನು ಬೆಳಕಿಗೆ ಹಿಡಿದು ನೋಡಿದ. ಗಡ್ಡವಿಲ್ಲದ ಕೆನ್ನೆ, ಕಿವಿಯ ಬಳಿ ನಾಲ್ಕು ಬಿಳಿ ಕೂದಲು, ಬೆರಳ ತುದಿಯಲ್ಲಿ ವಾರ್ನಿಷ್ ಕಲೆ. ಇವನೇ ಕಂಡಕ್ಟರ್ ಎಂದರೆ ಯಾರು ನಂಬುತ್ತಾರೆ?

"ನಿಮ್ಮ ಮನೆಯ ಇಲಿಗೆ ಕತ್ತರಿ ಹಿಡಿಯಲಿಕ್ಕೆ ಬರ್ತದಾ ಮೇಡಂ?"

ದೀಕ್ಷಿತಾಳ ಕಿವಿ ಬಿಸಿಯಾಯಿತು. "ರಿಪೇರಿ ಮಾಡ್ತೀರಾ, ಇಲ್ಲ ತನಿಖೆ ಮಾಡ್ತೀರಾ?"

"ರಿಪೇರಿಯೇ ಮಾಡ್ತೇನೆ. ಕೂತ್ಕೊಳ್ಳಿ. ಫ್ಯಾನ್ ಉಂಟು, ತಿರುಗುವುದಿಲ್ಲ ಅಷ್ಟೇ. ನಿಮ್ಮಂಥವರದ್ದು ಮುಗಿಸಿ ಅದನ್ನು ನೋಡುವ ಅಂತ."

ಅವಳು ನಗಬಾರದಿತ್ತು. ನಕ್ಕುಬಿಟ್ಟಳು.

ನಂತರದ ವಾರ ಟೇಬಲ್ ಫ್ಯಾನು. ಆಮೇಲೆ ಇಸ್ತ್ರಿಪೆಟ್ಟಿಗೆ. ಫೋನಿನ ರೆಕಾರ್ಡರ್ ಪ್ರತಿ ಸಲವೂ ಚೀಲದೊಳಗೆ ಓಡುತ್ತಿತ್ತು. ಮನೆಗೆ ಬಂದು ಕೇಳಿದರೆ ಅದರಲ್ಲಿ ಅವನ ತಪ್ಪೊಪ್ಪಿಗೆ ಒಂದಕ್ಷರವೂ ಇಲ್ಲ. ಬೆಳ್ತಂಗಡಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಅಪ್ಪ ರುಕ್ಮಯ್ಯನ ಬೈಗುಳ, ತಾಮ್ರದ ತಂತಿ ಸುತ್ತುವಾಗ ಸಿಟ್ಟು ಮಾಡಿದರೆ ಸುತ್ತು ತಪ್ಪುತ್ತದೆ ಎಂಬ ಮಾತು, ಮತ್ತು... ಅವಳದೇ ನಗು. ತನ್ನ ನಗು ಹಾಗಿರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ!

'ಛೀ! ಇವನ ಮಾತು ಕೇಳಲು ನಾನು ಕಾಯುತ್ತಿದ್ದೇನಾ? ಅಮ್ಮನನ್ನು ಅಳಿಸಿದವನ ಮಾತನ್ನು?'

ತನ್ನ ಮೇಲಿನ ಸಿಟ್ಟಿಗೆ ಅವಳ ಹಗೆ ಇನ್ನಷ್ಟು ಕುದಿಯಿತು.

ಗ್ರಂಥಾಲಯದಲ್ಲಿ ಗೆಳತಿ ಶಶಿಪ್ರಭಾ ಬೇರೆ ದಿನಾ ಚುಚ್ಚುತ್ತಿದ್ದಳು. "ಕಂಡಕ್ಟರ್ ಒಮ್ಮೆ ಸಿಗಲಿ ಮಾರಾಯ್ತಿ, ನಾನು ಟಿಕೆಟ್ ತಗೊಳ್ಳದೆ ಹತ್ತಿಬಿಡ್ತೇನೆ!"

ದೀಕ್ಷಿತಾ ಪುಸ್ತಕವನ್ನು ಟಪ್ಪೆಂದು ಮುಚ್ಚಿದಳು. ಎದೆಯಲ್ಲಿ ಚುಳ್ಳೆಂದದ್ದು ಹಗೆಯಲ್ಲ, ಬೇರೇನೋ. ಅದು ಗೊತ್ತಾಗಿ ಅವಳಿಗೆ ಹೆದರಿಕೆಯಾಯಿತು.

ಸಾಕು, ಇವತ್ತೇ ಮುಗಿಸಬೇಕು.

* * *

ಸಂಜೆ ಅವಳು ರಿಪೇರಿಗೆ ಏನೂ ತರದೆ ಅಂಗಡಿಗೆ ಬಂದಳು.

"ಇವತ್ತು ಇಲಿಗೆ ರಜೆಯಾ?" ಎಂದ ಮನ್ವಿತ್.

"ನೀವು ಕಂಡಕ್ಟರ್."

ತಂತಿ ಸುತ್ತುತ್ತಿದ್ದ ಕೈ ನಿಂತಿತು. ಅವನು ಇಲ್ಲವೆನ್ನಲಿಲ್ಲ.

"ನನ್ನ ಅಮ್ಮನ ಹಾಡು ಕದ್ದಿರಿ. ಜನಪದ ಅಂತ ಹಾಕಿದಿರಿ. ಅವಳಿಗೊಂದು ಹೆಸರಿತ್ತು!"

"ಪ್ರೇಮಾವತಿಯಮ್ಮ" ಎಂದ ಅವನು ಮೆಲ್ಲಗೆ. "ನೀವು ಅವರ ಮಗಳು ಅಂತ ಆ ರಾತ್ರಿಯೇ ಗೊತ್ತಾಯ್ತು. ಅದೇ ಕಣ್ಣು."

"ಹೆಸರು ಗೊತ್ತಿದ್ದೂ ಹಾಕಲಿಲ್ಲವಾ? ಈಗಲೇ ಗುಂಪಿಗೆ ಹಾಕ್ತೇನೆ. ನಾಳೆ ನಿಮ್ಮ ಅಂಗಡಿ ಎದುರು ಜನ ಉಗಿಯಬೇಕು!"

"ಹಾಕಿ."

"ಎಂತ?"

"ಹಾಕಿ ಅಂದೆ. ನಾನು ಉತ್ತರ ಕೊಡುವ ಹಾಗಿಲ್ಲ. ಮಾತು ಕೊಟ್ಟಿದ್ದೇನೆ."

ಅವಳ ಕಣ್ಣು ತುಂಬಿತು. "ನಿಮಗೆ ಮಾತು ದೊಡ್ಡದು. ಆ ಹಾಡು ಕೇಳಿ ನನ್ನ ಅಮ್ಮ ಬಾಯಿಗೆ ಸೆರಗು ಒತ್ತಿ ಅತ್ತದ್ದನ್ನು ನಾನು ನೋಡಿದ್ದೇನೆ..."

"ಅತ್ರಾ?" ಮನ್ವಿತ್ ಎದ್ದೇ ನಿಂತ. "ಅವರು ಅತ್ತದ್ದಾ? ಇಷ್ಟು ವರ್ಷ ನೀವು ಹಾಗೆ ಅಂದ್ಕೊಂಡಿದ್ರಾ?"

ಅವನು ಮೇಜಿನ ಡ್ರಾಯರಿನಿಂದ ಒಂದು ಹಳೆಯ ಫೋನ್ ತೆಗೆದ. ಚಾರ್ಜರ್ ಸಿಕ್ಕಿಸಿ, ಅದು ಹೊತ್ತಿಕೊಳ್ಳುವವರೆಗೆ ಕಾದ.

"ಯಾರಿಗೂ ಕೇಳಿಸುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಆದ್ರೆ ಮಗಳ ಎದೆಯಲ್ಲಿ ಅವರು ಅಳ್ತಾ ಇರುವುದು ಬೇಡ. ಅವರು ನನ್ನನ್ನು ಕ್ಷಮಿಸಲಿ."

ಮೊದಲು ಪಂಪಿನ ಗದ್ದಲ, ಆಮೇಲೆ ನೀರಿನ ಸದ್ದು. ಆಮೇಲೆ...

ಅಮ್ಮ!

ವರ್ಷಗಟ್ಟಲೆ ಕೇಳದ ಆ ದನಿಗೆ ದೀಕ್ಷಿತಾ ಬೆಂಚಿನ ಅಂಚು ಹಿಡಿದುಕೊಂಡಳು. ಬ್ಯಾಂಡಿನ ಹಾಡಿನಲ್ಲಿಲ್ಲದ ಒಂದು ಚರಣವನ್ನು ಅಮ್ಮ ಹಾಡುತ್ತಿದ್ದಳು. ತುಳುವಿನ ಆ ಸಾಲುಗಳ ಅರ್ಥ ಹೀಗಿತ್ತು:

'ಕಪ್ಪು ಕೊಡೆಯನು ರೆಕ್ಕೆಯಡಿ ಇಟ್ಟು
ಒಂದೇ ಕಾಲಲಿ ತಪಸು ಏಕಣ್ಣ?
ನೆಟ್ಟವರ ಬಟ್ಟಲಿಗೆ ಗಂಜಿಯ ತಿಳಿ
ನಿಂತವನ ಬಾಯಿಗೆ ಮೀನು ಏಕಣ್ಣ?'

ಕಪ್ಪು ಕೊಡೆ... ಒಂದೇ ಕಾಲು...

ದೀಕ್ಷಿತಾಳ ಕಣ್ಣೆದುರು ಹುಣಿಯ ಮೇಲಿನ ದೃಶ್ಯ ಬಂದು ನಿಂತಿತು. ಬಿಳಿ ಮುಂಡು ಎತ್ತಿ ಕಟ್ಟಿ, ಕಂಕುಳಲ್ಲಿ ಕೊಡೆ ಸಿಕ್ಕಿಸಿ, ಒಂದು ಪಾದವನ್ನು ಇನ್ನೊಂದರ ಮೊಣಕಾಲಿಗೆ ಆನಿಸಿ, ನಾಟಿ ಮುಗಿಯುವ ತನಕ ಅಲ್ಲಾಡದೆ ಕಾವಲು ನಿಲ್ಲುವ...

"ದೊಡ್ಡ ಮಾವ!"

ಫೋನಿನಲ್ಲಿ ಅಮ್ಮ ಹೇಳುತ್ತಿದ್ದಳು. "ಹಾಡು ತಗೊಂಡು ಹೋಗು ಮಗಾ, ಊರಿಡೀ ಹಾಡು. ಆದ್ರೆ ಈ ಚರಣ ಬೇಡ. ನನ್ನ ಹೆಸರೂ ಬೇಡ. ಕೊಕ್ಕರೆಗೆ ಗೊತ್ತಾಗಬಾರದು. ಅಣ್ಣನ ಮನೆಯಲ್ಲಿ ನನಗೆ ಬಾಯಿಲ್ಲ. ಮಗಳ ಓದು ಮುಗಿಯಬೇಕು. ಹೆಸರಿಲ್ಲದಿದ್ರೆ ನನ್ನ ಬಾಯಿ ಯಾರೂ ಮುಚ್ಚುವುದಿಲ್ಲ. ಅವನ ಕಿವಿಗೇ ಬೀಳಲಿ, ಅವನೇ ತಲೆದೂಗಲಿ... ಅಷ್ಟು ಸಾಕು ನನಗೆ!"

ಆಮೇಲೆ ನಗು. ಸೆರಗಿನೊಳಗೆ ಒತ್ತಿಟ್ಟರೂ ನಿಲ್ಲದ, ಹೆಗಲು ಕುಲುಕಿಸುವ ನಗು.

ಅಮ್ಮ ಅತ್ತಿರಲಿಲ್ಲ. ಅಡುಗೆಕೋಣೆಯಲ್ಲಿ ಅವಳು ಗೆದ್ದು ನಗುತ್ತಿದ್ದಳು!

"ಆಗ ನಿಮ್ಮ ಗದ್ದೆಗೆ ಪಂಪ್ ರಿಪೇರಿಗೆ ಬಂದವನು ನಾನು. ಹಾಡು ಕೇಳಿ ಅಲ್ಲೇ ಕೂತುಬಿಟ್ಟೆ" ಎಂದ ಮನ್ವಿತ್. "ಆಮೇಲೆ ಸಿನಿಮಾದವರು ಹಾಡು ಕೇಳಿದ್ರು. ಬರೆದವರು ಯಾರು ಅಂತ ಬಾಯಿಬಿಡದೆ ಕೊಡುವ ಹಾಗಿರಲಿಲ್ಲ. ನಾನು ಆಗುವುದಿಲ್ಲ ಅಂದೆ. ಸುಹೈಬ್‌ಗೆ ಸಿಟ್ಟು ಬಂತು. ಬ್ಯಾಂಡ್ ಮುಗೀತು."

"ಒಂದು ಹೆಸರು ಹೇಳಿದ್ರೆ ನೀವು ಎಲ್ಲಿಗೋ ಹೋಗ್ತಿದ್ರಿ..."

"ಹೋಗ್ತಿದ್ದೆ. ಆದ್ರೆ ಅವರು ಎಲ್ಲಿಗೆ ಹೋಗ್ಬೇಕಿತ್ತು?"

ಅಂಗಡಿಯ ಮುಂದೆ ಕಾರ್ಕಳದ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಅವಳು ಚೀಲದಿಂದ ತನ್ನ ಫೋನ್ ತೆಗೆದು ಮೇಜಿನ ಮೇಲಿಟ್ಟಳು. ರೆಕಾರ್ಡರ್ ಇನ್ನೂ ಓಡುತ್ತಿತ್ತು.

"ನೀವೇ ಅಳಿಸಿ" ಎಂದಳು.

ಅವನು ಇವತ್ತಿನದನ್ನು ಅಳಿಸಿದ. ಅದರ ಕೆಳಗೆ ಹಳೆಯವೆಲ್ಲ ಸಾಲಾಗಿದ್ದವು, 'ಮಿಕ್ಸಿ', 'ಫ್ಯಾನ್', 'ಇಸ್ತ್ರಿಪೆಟ್ಟಿಗೆ'. ಅವನು ತಲೆಯೆತ್ತಿ ನೋಡಿದ.

"ಇವು?"

"ಅವು... ಇರಲಿ."

* * *

ಮರುವಾರ ಮೋಟಾರ್ ಹೇಗುಂಟು ನೋಡಲು ಮನ್ವಿತ್ ಬೆಳಿಗ್ಗೆಯೇ ಗದ್ದೆಗೆ ಬಂದ. ದೀಕ್ಷಿತಾ ಈ ಸಲ ಚಹಾವನ್ನು ಚೆಲ್ಲದೆ ತಂದಳು.

ಹುಣಿಯ ಮೇಲೆ ಭೋಜ ಶೆಟ್ಟರು ನಿಂತಿದ್ದರು. ಬಿಳಿ ಮುಂಡು, ಕಂಕುಳಲ್ಲಿ ಕಪ್ಪು ಕೊಡೆ, ಒಂದೇ ಕಾಲು. ಗಂಟಲಲ್ಲಿ ಗುನುಗು.

'ಗದ್ದೆಗಿಳಿಯದ ಬಿಳಿ ಕೊಕ್ಕರೆಯೇ...'

"ಈ ಹಾಡು ಕಟ್ಟಿದವ ಭಾರೀ ಜಾಣ ಮಾರಾಯ" ಎಂದರು ಮನ್ವಿತ್‌ನ ಕಡೆ ತಿರುಗಿ. "ಇಂಥ ಕೊಕ್ಕರೆಗಳನ್ನು ನಾನು ಎಷ್ಟು ನೋಡಿದ್ದೇನೆ! ಕೆಲಸ ಇಲ್ಲ, ಬರೀ ನಿಲ್ಲುವುದು!"

ಮನ್ವಿತ್ ತಟ್ಟನೆ ಮೋಟಾರಿನ ಹಿಂದೆ ಬಗ್ಗಿದ. ದೀಕ್ಷಿತಾ ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಹೆಗಲು ಗಡಗಡ ಕುಲುಕತೊಡಗಿತು.

"ಎಂತಕ್ಕೆ ಅಳ್ತೀ ಮಗಾ?"

"ಅಮ್ಮನ ನೆನಪಾಯ್ತು ಮಾವ..."

ಅದು ಸುಳ್ಳಲ್ಲ. ಮಾವ ಗಂಭೀರವಾಗಿ ತಲೆಯಾಡಿಸಿ, ಕಾಲು ಬದಲಿಸಿ ನಿಂತರು.

ಮಾವ ಮನೆ ಕಡೆ ಹೋದ ಮೇಲೆ ಮನ್ವಿತ್ ಲೋಟ ವಾಪಸ್ ಕೊಡುತ್ತಾ ಹೇಳಿದ. "ಇನ್ನು ವೈರ್ ಕತ್ತರಿಸಬೇಡಿ. ಸುಮ್ಮನೆ ಬನ್ನಿ."

"ಸುಮ್ಮನೆ ಬಂದ್ರೆ ಊರಿನವರು ಎಂತಕ್ಕೆ ಅಂತ ಕೇಳ್ತಾರೆ."

"ಕೇಳುವ ಮೊದಲೇ ನಿಮ್ಮ ಮಾವನ ಹತ್ರ ಬಂದು ನಾನೇ ಕೇಳ್ತೇನೆ. ಅದಕ್ಕೆ ನಿಮ್ಮ ಒಪ್ಪಿಗೆ ಉಂಟಾ?"

ದೀಕ್ಷಿತಾ ಲೋಟದೊಳಗೆ ನೋಡುತ್ತಾ ನಿಂತಳು. ಮಾತನ್ನು ಹತ್ತು ಸಲ ತೂಗಿ ಆಡುವವಳು ಇವತ್ತು ತೂಗಲಿಲ್ಲ.

"ಉಂಟು. ಆದ್ರೆ ಒಂದು ಷರತ್ತು. ಆ ಚರಣ ನನಗೆ ಪೂರ್ತಿ ಕಲಿಸಬೇಕು."

"ಕೊಕ್ಕರೆಗೆ ಕೇಳಿದ್ರೆ?"

"ಕೇಳಲಿ. ಚಂದ ಉಂಟು ಅಂತಾರೆ!"

ಫೋನ್ ಟಿಣ್ ಎಂದಿತು. ಶಶಿಪ್ರಭಾ ಕೇಳಿದ್ದಳು: 'ಕಂಡಕ್ಟರ್ ನಿಮ್ಮ ಬೆಳುವಾಯಿ ಕಡೆ ಇದ್ದಾನಂತೆ, ಗುಂಪಿನಲ್ಲಿ ಸುದ್ದಿ! ನೀನು ಎಲ್ಲಾದ್ರೂ ನೋಡಿದ್ಯಾ?'

ದೀಕ್ಷಿತಾ ತಲೆಯೆತ್ತಿದಳು. ಶೆಡ್ಡಿನೊಳಗೆ ಅವನು ಬಗ್ಗಿ, ಸ್ಕ್ರೂಡ್ರೈವರಿನಿಂದ ತಾಳ ಹಾಕುತ್ತಿದ್ದ. ಟಕ್... ಟಕ ಟಕ್.

ಅಮ್ಮನ ಹಾಡು ಹನ್ನೆರಡು ವರ್ಷದಿಂದ ಊರಿಡೀ ನಡೆಸುತ್ತಿರುವ ಸೇಡು ಅದು. ಬಾಯಿಬಿಟ್ಟರೆ ಅಲ್ಲಿಗೆ ಮುಗಿಯುತ್ತದೆ. ಬಾಯಿ ಮುಚ್ಚಿಕೊಂಡರೆ ಮಾವ ಇನ್ನೂ ಹಾಡುತ್ತಲೇ ಇರುತ್ತಾರೆ.

'ಇಲ್ಲ ಮಾರಾಯ್ತಿ' ಎಂದು ಬರೆದು ಕಳಿಸಿದಳು. 'ಇಲ್ಲಿ ಯಾವ ಕಂಡಕ್ಟರೂ ಇಲ್ಲ.'