ಸಂತೆಯ ಮರುದಿನದ ಜ್ವರ

"ನಿನ್ನೆನೂ ಜ್ವರ ಏನವಾ?" ಜಲಾಲುದ್ದೀನ ಮಾಸ್ತರರು ಹಾಜರಿ ಪುಸ್ತಕದಿಂದ ತಲೆ ಎತ್ತಿ ಕೇಳಿದರು.

"ಹೌದ್ರಿ ಸರ. ಭಾಳ ಜ್ವರ ಬಂದಿದ್ದುವ್ರಿ," ಎಂದಳು ಗುರುಲಿಂಗವ್ವ.

"ಸರ, ಈಕಿ ಜ್ವರ ಭಾಳ ಶಾಣ್ಯಾ ಅದಾವ್ರಿ!" ಹಿಂದಿನ ಸಾಲಿನಿಂದ ಲಾಲಬಿ ಕೂಗಿದಳು. "ಬರೇ ಸಂತಿ ಮರುದಿನಾನ ಬರ್ತಾವ್ರಿ!"

ಕ್ಲಾಸೆಲ್ಲ ನಕ್ಕಿತು. ಮಾಸ್ತರರು ಮಾತ್ರ ನಗಲಿಲ್ಲ.

ನಿಜ ಹೇಳಲು ಗುರುಲಿಂಗವ್ವನಿಗೆ ಬಾಯಿ ಬರಲಿಲ್ಲ. ಅಪ್ಪ ಹುಲ್ಲಪ್ಪ ಕಲ್ಲಿನ ಕ್ವಾರಿಯಲ್ಲೇ ಇರುತ್ತಾನೆ, ಸಂತೆಯ ದಿನ ಕುಡಿದು ಮನೆಗೆ ಬರುತ್ತಾನೆ, ಅವ್ವನನ್ನು ಹೊಡೆಯುತ್ತಾನೆ. ಮರುದಿನ ಅವ್ವನಿಗೆ ಏಳಲೂ ಆಗುವುದಿಲ್ಲ. ನೀರು ತುಂಬುವುದು, ರೊಟ್ಟಿ ಬಡಿಯುವುದು ಎಲ್ಲ ಗುರುಲಿಂಗವ್ವನೇ. ಇದನ್ನೆಲ್ಲ ಕ್ಲಾಸಿನ ಮುಂದೆ ಹೇಳುವುದೆಂದರೆ ಮಾನ ಹೋಗುತ್ತದಲ್ಲ!

ಈ ಸಲವಂತೂ ಅಪ್ಪ ಹೊಡೆದಷ್ಟಕ್ಕೆ ಸುಮ್ಮನಾಗಿರಲಿಲ್ಲ. "ಮುಂದಿನ ಸಂತಿಗಿ ಬಂದು ಮಗ್ಗಕ್ಕ ಬೆಂಕಿ ಹಚ್ಚತೇನಿ. ಇಬ್ಬರನ್ನೂ ಹೊರಗ ಹಾಕತೇನಿ," ಎಂದು ಕೂಗಾಡಿ ಹೋಗಿದ್ದ. ಅವ್ವ ಸೀರೆ ನೇಯ್ದು ಸಂಸಾರ ನಡೆಸುವುದು ಆ ಮಗ್ಗದಿಂದಲೇ. ಮನೆಯೂ ಅಜ್ಜಿ ಅವ್ವನ ಹೆಸರಿಗೆ ಬರೆದುಕೊಟ್ಟದ್ದು. ಅವನಿಗೆಷ್ಟು ಸೊಕ್ಕು!

ಮರುದಿನ ಬೆಳಿಗ್ಗೆ ಅವ್ವ ಸಂಗವ್ವ ಸೀರೆ ಕೊಡವಿ ಎದ್ದಳು. "ನಡಿ, ಹುನಗುಂದಕ್ಕ ಹೋಗಿ ಬರೂಣು. ಇನ್ನ ಸಾಕು."

ಇಳಕಲ್ಲಿನಿಂದ ಮೊದಲ ಬಸ್ಸಿಗೇ ಹೊರಟರು. ಹುನಗುಂದದ ಕೋರ್ಟಿನ ಪಕ್ಕದಲ್ಲೇ ಕಾಶಪ್ಪ ವಕೀಲರ ಆಫೀಸು. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ಮನಿ ನಿಮ್ಮದು. ಅಂವ ಒಳಗ ಕಾಲಿಡಬಾರದು ಅಂತ ಕೋರ್ಟಿನಿಂದ ಸ್ಟೇ ತರಬಹುದು. ಮುಂದಿನ ಸಂತಿ ಒಳಗ ಬೇಕಂದ್ರ ಅರ್ಜಿಗಿ ಬಲ ಇರಬೇಕು. ಯಾವ್ಯಾವ ತಾರೀಖಿಗಿ ಹೊಡದಾನ ಹೇಳ್ರಿ."

"ತಾರೀಖ ನನಗೇನ ಗೊತ್ರಿ? ಹಸರ ಸೀರಿ ಮಗ್ಗದ ಮ್ಯಾಲಿದ್ದಾಗ ಒಮ್ಮೆ. ಆಮ್ಯಾಲ ಕೆಂಪ ಸೀರಿ ಸೆರಗಿಗಿ ಬಂದಾಗ ಒಮ್ಮೆ..."

ವಕೀಲರ ಪೆನ್ನು ನಿಂತಿತು. "ಜಡ್ಜ್ ಸಾಹೇಬ್ರಿಗಿ ಸೀರಿ ತಿಳಿಯಂಗಿಲ್ರಿ ಯವ್ವಾ."

ಆ ತಾರೀಖುಗಳು ಎಲ್ಲಿವೆ ಎಂದು ಗುರುಲಿಂಗವ್ವನಿಗೆ ಗೊತ್ತಿತ್ತು. ಹೇಳಿದರೆ ತನ್ನ ಸುಳ್ಳು ಹೊರಬೀಳುತ್ತದೆ. ಬೀಳಲಿ ಬಿಡು!

"ಹಾಜರಿ ಪುಸ್ತಕದಾಗ ಅದಾವ್ರಿ," ಎಂದಳು.

"ಏನವಾ?"

"ತಾರೀಖರಿ. ಅಪ್ಪ ಹೊಡದ ಮರುದಿನ ನಾ ಒಮ್ಮೆನೂ ಸಾಲಿಗಿ ಹೋಗಿಲ್ರಿ."

ವಕೀಲರು ಮೇಜು ಬಡಿದರು. "ಶಾಬಾಸ! ಮಾಸ್ತರ ಕಡಿಂದ ಬರಿಸಿಕೊಂಡ ಬಾ. ನಾಳೆ ಮುಂಜಾನೆ ನನ್ನ ಕೈಯಾಗಿರಬೇಕು."

ಊರಿಗೆ ಮರಳಿದಾಗ ಶಾಲೆ ಇನ್ನೂ ಬಿಟ್ಟಿರಲಿಲ್ಲ. ಗುರುಲಿಂಗವ್ವ ನೇರವಾಗಿ ಮಾಸ್ತರರ ಮುಂದೆ ಹೋಗಿ ನಿಂತಳು. "ಸರ, ನನಗ ಜ್ವರ ಬಂದಿದ್ದಿಲ್ರಿ," ಎಂದು ಶುರು ಮಾಡಿ ಎಲ್ಲ ಹೇಳಿಬಿಟ್ಟಳು.

ಬೆತ್ತ ತೆಗೆಯುತ್ತಾರೆ ಎಂದುಕೊಂಡಿದ್ದಳು. ಅವರು ಪುಸ್ತಕ ತೆಗೆದು, ಬೆರಳಿಟ್ಟು ನೋಡುತ್ತ, ಒಂಬತ್ತು ತಾರೀಖುಗಳನ್ನು ಹಾಳೆಯ ಮೇಲೆ ಬರೆದರು. ಹೆಡ್ಮಾಸ್ತರರ ಸಹಿ, ಶಿಕ್ಕಾ ಹಾಕಿಸಿ ತಂದರು.

"ಜ್ವರ ಅಂತ ನಾನೂ ನಂಬಿದ್ದಿಲ್ಲ. ಆದ್ರ ಏನಾಗೇತಿ ಅಂತ ಕೇಳಲೂ ಇಲ್ಲ. ಅದು ನನ್ನ ತಪ್ಪು," ಎಂದರು. "ನಾಳೆ ನಿಮ್ಮ ಜೋಡಿ ನಾನೂ ಬರ್ತೇನಿ."

ಸಂತೆಗೆ ಎರಡು ದಿನ ಮೊದಲೇ ಜಡ್ಜ್ ಸಾಹೇಬರ ಆರ್ಡರು ಕೈಗೆ ಬಂತು. ಅದರ ಒಂದು ಪ್ರತಿಯನ್ನು ಕೋರ್ಟಿನವರು ಕ್ವಾರಿಗೇ ಹೋಗಿ ಅಪ್ಪನಿಗೆ ಕೊಟ್ಟರು.

ಆದರೂ ಸಂತೆಯ ಸಂಜೆ ಹುಲ್ಲಪ್ಪ ಬಾಗಿಲಿಗೆ ಬಂದೇ ಬಂದ. ಅವ್ವ ಮಗ್ಗ ಬಿಟ್ಟು ಏಳಲಿಲ್ಲ.

"ಕಾಗದ ಓದಿಸಿದಿ ಹೌದಿಲ್ಲೋ? ಒಳಗ ಕಾಲಿಟ್ರ ಪೊಲೀಸ್ರು ಬರ್ತಾರ," ಎಂದಳು.

ಅವಳ ಕೈ ಲಾಳಿಯನ್ನು ಅತ್ತಿಂದಿತ್ತ ಓಡಿಸುತ್ತಲೇ ಇತ್ತು. ಮಗ್ಗದ ಗುಂಡಿಯೊಳಗೆ ಕಾಲು ಗಡಗಡ ನಡುಗುತ್ತಿದ್ದದ್ದು ಗುರುಲಿಂಗವ್ವನಿಗೆ ಮಾತ್ರ ಕಾಣುತ್ತಿತ್ತು. ಓಣಿಯ ಜನ ನೋಡುತ್ತ ನಿಂತಿದ್ದರು. ಹುಲ್ಲಪ್ಪ ಟವೆಲ್ಲು ಹೆಗಲಿಗೆ ಎಸೆದುಕೊಂಡು ಬಂದ ದಾರಿ ಹಿಡಿದ.

ಮರುದಿನ ಮಾಸ್ತರರು ಹಾಜರಿ ಕರೆದರು. "ಗುರುಲಿಂಗವ್ವ?"

"ಹಾಜರ್ರಿ ಸರ!"

ಲಾಲಬಿ ಹಿಂದಿನಿಂದ ಪಿಸುಗುಟ್ಟಿದಳು. "ಇವತ್ತ ಸಂತಿ ಮರುದಿನ ಅಲ್ಲೇನ? ಜ್ವರ ಎಲ್ಲಿ ಹೋದ್ವು?"

ಗುರುಲಿಂಗವ್ವ ಇನ್ನೊಂದು ಸುಳ್ಳು ಹುಡುಕತೊಡಗಿದಳು. ಆಮೇಲೆ ಅದು ಬೇಕಾಗಿಲ್ಲ ಅನ್ನಿಸಿತು.

"ಸಾಲಿ ಬಿಟ್ಟ ಮ್ಯಾಲ ಮನಿಗಿ ಬಾ, ಹೇಳ್ತೇನಿ. ನಮ್ಮವ್ವನ ಮಗ್ಗನೂ ತೋರಿಸ್ತೇನಿ," ಎಂದಳು.

ಅಲ್ಲಿಯವರೆಗೆ ಅವಳು ಯಾರನ್ನೂ ಮನೆಗೆ ಕರೆದಿರಲಿಲ್ಲ.