ಕೆಂಪು ಎಂ.ಜಿ. ಕಾರಿನ ಎದುರಿಗೆ

"ನನಗೊಂದು ಮಾತು ಹೇಳಬಾರದಾಗಿತ್ತಾ?"

ಶೆಡ್ಡಿನ ಬಾಗಿಲಲ್ಲಿ ನಿಂತು ವಿನೋದಾ ಕೇಳಿದಳು. ಅವಳ ಕೈಯಲ್ಲಿದ್ದ ಪೇಪರಿನಲ್ಲಿ ಒಂದು ಜಾಹೀರಾತಿತ್ತು.

'ಮಾರಾಟಕ್ಕಿದೆ. 1951ರ ಎಂ.ಜಿ. ಸ್ಪೋರ್ಟ್ಸ್ ಕಾರು. ಎರಡು ಸೀಟು. ಪೂರ್ತಿ ರಿಪೇರಿ ಮಾಡಿ ಹೊಸದರಂತೆ ಇದೆ.' ಕೆಳಗೆ ಕೀಲ್ಪಾಕಿನ ವಿಳಾಸ. ಅವಳ ಮನೆಯದೇ ವಿಳಾಸ!

ಬಾನೆಟ್ ಒರೆಸುತ್ತಿದ್ದ ತಿರುಮಲ ತಲೆ ಎತ್ತಲಿಲ್ಲ. "ಅಮ್ಮನ್ನ ಕೇಳಿದ್ದೆ, ಅತ್ತಿಗೆ."

"ಅತ್ತೆನ ಕೇಳಿದ್ರೆ ಆಯ್ತಾ?"

"ಕಾರು ಈಗ ಅವರ ಹೆಸರಲ್ಲಿದೆ. ದೊಡ್ಡವರು ಬೇರೆ... ಅವರನ್ನ ಕೇಳೋದೇ ಸರಿ ತಾನೇ?"

ಸರಿಯಾದ ಉತ್ತರ. ತಪ್ಪು ಹುಡುಕಲಾಗದ ಉತ್ತರ. ಅದಕ್ಕೇ ಅವಳಿಗೆ ಅಷ್ಟು ನೋವಾಯಿತು.

ಆ ಕಾರನ್ನು ಮನೆಗೆ ತಂದವನು ಅವಳ ಗಂಡ ಕೃಷ್ಣರಾಜ. ನೀಲಗಿರಿಯ ಟೀ ತೋಟ ಬಿಟ್ಟು ಊರಿಗೆ ಹೊರಟ ಇಂಗ್ಲಿಷ್ ಮ್ಯಾನೇಜರನೊಬ್ಬನಿಂದ ಕೊಂಡಾಗ ಅದು ಬರೀ ತುಕ್ಕಿನ ಗುಡ್ಡೆ. ಅವನೂ, ಅಂಬತ್ತೂರಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಗೆಳೆಯ ತಿರುಮಲನೂ ಸೇರಿ ಎಂಜಿನ್ ಬಿಚ್ಚಿ ಹರಡಿಕೊಂಡರು. ಮತ್ತೆ ಕೂಡಿಸುವ ಮೊದಲೇ ಕಾಮಾಲೆ ಕೃಷ್ಣರಾಜನನ್ನು ಕೊಂಡೊಯ್ದಿತು.

"ಅವನು ಶುರು ಮಾಡಿದ್ದನ್ನ ನಾನು ಮುಗಿಸ್ತೀನಿ" ಎಂದು ತಿರುಮಲ ಪ್ರತಿ ಭಾನುವಾರ ಬಂದ. ಎಲ್ಲೂ ಸಿಗದ ಭಾಗಗಳನ್ನು ಲೇತಿನಲ್ಲಿ ಮಾಡಿಸಿ ತಂದ. ವಿನೋದಾ ವಿಮಾ ಕಚೇರಿಯ ಕೆಲಸಕ್ಕೆ ಸೇರಿದಳು. ವಾರವೆಲ್ಲ ಟೈಪ್ ಹೊಡೆಯುತ್ತ ಭಾನುವಾರಕ್ಕೆ ಕಾಯುವುದನ್ನು ಕಲಿತಳು. ಅವನು ಸ್ಪ್ಯಾನರ್ ಕೇಳುವನು, ಅವಳು ಕೊಡುವಳು... ಅಷ್ಟೇ ಅವರಿಬ್ಬರ ಮಾತು. ಆ ಅಷ್ಟರಲ್ಲೇ ಅವಳ ಜೀವ ಉಳಿದಿತ್ತು.

ಈಗ ಕೆಲಸ ಮುಗಿದಿದೆ. ಕಾರು ಹೋದ ಮೇಲೆ ಇವರು ಈ ಮನೆಗೆ ಯಾಕೆ ಬರುತ್ತಾರೆ?

ಗೆಳೆಯನ ಋಣ ತೀರಿತು, ಇನ್ನು ಸಾಕು ಅನ್ನಿಸಿರಬೇಕು... ಎಂದುಕೊಂಡಳು. ಅವರದೇನು ತಪ್ಪು? ಆಸೆ ಪಟ್ಟವಳು ನಾನು. ಆಸೆ ಪಡಬಾರದವಳು!

"ಒಳ್ಳೇದೇ ಆಯ್ತು ಬಿಡಿ. ಇನ್ನಾದ್ರೂ ನಿಮಗೆ ಸ್ವಲ್ಪ ಬಿಡುವು ಸಿಗುತ್ತೆ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ನಿಲ್ಲಲಿಲ್ಲ.

ಕೊಳ್ಳಲು ಬಂದವನು ಅಣ್ಣಾ ನಗರದ ಜವಳಿ ವ್ಯಾಪಾರಿ ಷಣ್ಮುಗಂ. ಒಳ್ಳೆಯ ಗಳಿಗೆ ನೋಡಿಕೊಂಡು, ಹೂವಿನ ಹಾರ, ನಿಂಬೆಹಣ್ಣು, ದೃಷ್ಟಿ ತೆಗೆಯಲು ಒಂದು ಕುಂಬಳಕಾಯಿ, ಆರತಿ ಎತ್ತಲು ಹೆಂಡತಿ, ಎಲ್ಲವನ್ನೂ ಜೊತೆಗೆ ತಂದಿದ್ದ. ಪಡಸಾಲೆಯಲ್ಲಿ ಕೂತು ವಿನೋದಾಳ ಅತ್ತೆ ರಮಾಬಾಯಿಯ ಕಾಫಿ ಕುಡಿದು, "ಪ್ರಮಾದಂ ಅಮ್ಮಾ!" ಬಲು ಸೊಗಸಾಗಿದೆ ಎಂದು ತಮಿಳಿನಲ್ಲಿ ಹೊಗಳಿ, ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡ.

ಅವರು ಹೊರಗೆ ಹೋದ ಮೇಲೆ ರಮಾಬಾಯಿ ಅಡುಗೆಮನೆಗೆ ಬಂದರು. ಸೊಸೆಯ ಮುಖ ನೋಡಲಾರದೆ ಒಲೆಯ ಕಡೆ ನೋಡುತ್ತ ಹೇಳಿದರು.

"ಗಾಡಿ ಹೊರಡೋ ಹೊತ್ತು ಕಣೇ. ನಾವಿಬ್ಬರೂ ಆ ಕಡೆ ತಲೆ ಹಾಕೋದು ಬೇಡ. ಅವರಿಗೆ ಶುಭದ ಕೆಲಸ..."

"ಗೊತ್ತು ಅತ್ತೆ."

ಅಷ್ಟರಲ್ಲಿ ಎಂಜಿನ್ ಶುರುವಾಯಿತು.

ಎಷ್ಟು ನಯವಾದ ಸದ್ದು! ಕಾರನ್ನು ತಿರುಮಲನೇ ಅಣ್ಣಾ ನಗರಕ್ಕೆ ಮುಟ್ಟಿಸಬೇಕೆಂದು ಮಾತಾಗಿತ್ತು. ಅಲ್ಲಿಂದ ಅವನು ಎಲ್ಲಿಗೆ ಹೋಗುತ್ತಾನೆ? ಎಲ್ಲಿಗಾದರೂ ಹೋಗಲಿ, ಇಲ್ಲಿಗಂತೂ ಅಲ್ಲ...

ಒಂದೇ ಒಂದು ಸಲ ನೋಡಿಬಿಡುತ್ತೇನೆ.

ಯೋಚಿಸಿದ್ದರೆ ಹೋಗುತ್ತಿರಲಿಲ್ಲ. ಹಿತ್ತಿಲ ಬಾಗಿಲಿಂದ ಓಡಿದವಳು ಗೇಟಿನ ಬಳಿ ನೇರ ಕಾರಿನ ಎದುರಿಗೇ ಬಂದು ನಿಂತಳು. ಬೋಳು ಹಣೆ, ಬರಿಗೈ. ಹಾರ ಹಾಕಿಕೊಂಡು ಮಿರಮಿರ ಮಿಂಚುವ ಕೆಂಪು ಕಾರು.

ತಿರುಮಲ ಗಕ್ಕನೆ ಬ್ರೇಕ್ ಹಾಕಿದ.

"ಅಯ್ಯಯ್ಯೋ!" ಪಕ್ಕದಲ್ಲಿದ್ದ ಷಣ್ಮುಗಂ ಕೆಳಗೆ ಹಾರಿದ. "ವೇಂಡಾಂ ಸಾರ್! ಇಂದ ವಂಡಿ ಎನಕ್ಕು ವೇಂಡಾಂ!"

ಹೊರಡುವಾಗಲೇ ವಿಧವೆ ಎದುರಾದ ಗಾಡಿ ತನಗೆ ಬೇಡ, ಇದರಲ್ಲಿ ಕೂತವನು ಮನೆ ಸೇರುತ್ತಾನೆಯೇ ಎಂದು ಬೀದಿಗೆ ಕೇಳುವಂತೆ ಕೂಗಾಡಿದ. ವಿನೋದಾ ಕಲ್ಲಾದಳು. ಭೂಮಿ ಬಾಯಿ ಬಿಡಬಾರದೇ...

"ನಿಲ್ಲಪ್ಪಾ!"

ರಮಾಬಾಯಿ! ತಲೆಯ ಮೇಲಿನ ಮಡಿ ಸೆರಗು ಜಾರಿದ್ದೂ ಗೊತ್ತಿಲ್ಲದೆ ಅಂಗಳಕ್ಕೆ ಬಂದಿದ್ದರು.

"ನಾನೂ ಗಂಡ ಸತ್ತವಳೇ. ನನ್ನ ಕೈ ಕಾಫಿ ಎರಡು ಲೋಟ ಇಳೀತಲ್ಲ, ಆಗ ಎಲ್ಲಿ ಹೋಗಿತ್ತು ನಿನ್ನ ಶಕುನ?"

ಷಣ್ಮುಗಂ ಒಡೆಯದ ಕುಂಬಳಕಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹೆಂಡತಿಯ ಹಿಂದೆ ಬಿರಬಿರನೆ ನಡೆದ.

ವಿನೋದಾ ಹೋಗಿ ಶೆಡ್ಡಿನ ಮೆಟ್ಟಿಲ ಮೇಲೆ ಕೂತಳು. ಕಾರು ನಿಲ್ಲಿಸಿ ಬಂದ ತಿರುಮಲ ಎದುರಿಗೆ ನೆಲದ ಮೇಲೇ ಕೂತ.

"ಕ್ಷಮಿಸಿ... ಇಷ್ಟು ವರ್ಷದ ನಿಮ್ಮ ಕೆಲಸಾನ ನನ್ನ ಮುಖ ಹಾಳು ಮಾಡ್ತು."

"ಯಾಕೆ ಬಂದ್ರಿ ಹೊರಗೆ?"

ಸುಳ್ಳು ಹೇಳಲು ಶಕ್ತಿ ಉಳಿದಿರಲಿಲ್ಲ. "ಕಾರು ಹೋದ್ರೆ ನೀವು ಬರಲ್ಲ."

ಅವನು ಅವಳನ್ನೇ ನೋಡಿದ. ಅವನ ಕಣ್ಣು ತುಂಬಿತು.

"ನಾನು ಮಾರೋಕೆ ಹೊರಟಿದ್ದು ಬರೋದು ನಿಲ್ಲಿಸೋಕಾ? ಇದು ಇಲ್ಲಿರೋ ತನಕ ನಾನು ಕೃಷ್ಣನ ಗೆಳೆಯ, ಅವನ ಕೆಲಸಕ್ಕೆ ಬರೋನು. ಆ ನೆಪದಲ್ಲಿ ಒಳಗೆ ಬಂದು ನಿಮ್ಮನ್ನ ಕೇಳಿದ್ರೆ, ಸತ್ತವನ ಮನೇಲಿ ಕದ್ದ ಹಾಗೆ ಅನ್ನಿಸ್ತಿತ್ತು. ಅವನ ಕಾರಿನ ದುಡ್ಡನ್ನ ಅವನಮ್ಮನಿಗೆ ಒಪ್ಪಿಸಿ, ಆಮೇಲೆ ಬರಿಗೈಲಿ ಬಂದು ಕೇಳೋಣ ಅಂತಿದ್ದೆ."

"ಏನು ಕೇಳೋಕೆ?"

"ನನ್ನ ಮದುವೆ ಆಗ್ತೀರಾ ಅಂತ... ವಿನೋದಾ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸಂತೋಷಕ್ಕಲ್ಲ. ಸಂತೋಷ ಪಡಲು ಅವಳಿಗೆ ಇನ್ನೂ ಧೈರ್ಯವಿರಲಿಲ್ಲ.

"ಬೇಡ. ಈಗ ತಾನೇ ನೋಡಿದ್ರಲ್ಲ? ಎಲ್ಲಿ ಹೋದರೂ ಇದೇ ಮಾತು. ನಿಮ್ಮನ್ನೂ ಬಿಡಲ್ಲ. ಮತ್ತೆ ಅತ್ತೆ? ಅವರೊಬ್ಬರನ್ನೇ ಬಿಟ್ಟು..."

"ನನ್ನನ್ನ ಯಾಕೆ ಎಳೀತೀಯೇ ಮಧ್ಯಕ್ಕೆ?" ಕಿಟಕಿಯಿಂದ ರಮಾಬಾಯಿಯ ದನಿ. ಗದರಲು ಹೋಗಿ ದನಿ ಒಡೆಯಿತು. "ನನ್ನನ್ನ ಕೂರಿಸಿದ ಮೂಲೆಯಲ್ಲೇ ನಿನ್ನನ್ನೂ ಕೂರಿಸಿದೆನಲ್ಲೇ ಇವತ್ತು... ಸಾಕು. ನೀವೆಲ್ಲಿರ್ತೀರೋ ಅಲ್ಲೇ ನನಗೊಂದು ಮಡಿ ಒಲೆ ಹಾಕ್ಕೊಡಿ. ನನಗಿನ್ನೇನು ಬೇಕು?"

"ಆಗಲಿ ಅಮ್ಮಾ" ಎಂದ ತಿರುಮಲ.

ಕಿಟಕಿ ಮುಚ್ಚಿತು. ಒಳಗಿನಿಂದ ಸಣ್ಣಗೆ ಅಳು ಕೇಳಿತು.

ಆಮೇಲೆ ವಿನೋದಾ ಕಣ್ಣೊರೆಸಿಕೊಂಡು ಕೇಳಿದಳು.

"ಕಾರು?"

"ಬೇರೆ ಯಾರಾದ್ರೂ ಬರ್ತಾರೆ. ಕೊಡೋಣ. ಆದ್ರೆ ಅವತ್ತು ನೀವು ಒಳಗಿರಬಾರದು. ಗೇಟಲ್ಲಿ ನಿಂತು ಕಳಿಸಬೇಕು."

"ಎದುರಿಗೇನಾ?"

"ಎದುರಿಗೇ. ನಾನು ಪಕ್ಕದಲ್ಲಿರ್ತೀನಿ."

"ಅದಕ್ಕೆ ಒಪ್ಪೋರು ಸಿಗದೇ ಹೋದ್ರೆ?"

ತಿರುಮಲ ಮೆಲ್ಲನೆ ಅವಳ ಕೈ ಹಿಡಿದ.

"ಸಿಗೋ ತನಕ ನಾವೇ ಓಡಿಸೋಣ."