ಕೆಂಪು ಕಾರಿನ ಎಡಗಡೆ ಸೀಟು

"ಟಾಪ್ ಮಾತ್ರ ತೆಗೀಬ್ಯಾಡ್ರಿ. ಸೀದಾ ಒಯ್ದು ಗುಜರಿಗೆ ಹಾಕ್ರಿ. ಮತ್ತೊಬ್ರ ಮಕ್ಕಳಿಗೆ ಮಾರಬ್ಯಾಡ್ರಿ."

ಕುಕನೂರಿನ ಪಾರ್ವತೆಮ್ಮ ಕೀಲಿಕೈ ಕೊಡುವಾಗ ಕೈ ಮುಗಿದು ಹೇಳಿದರು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವರ ಮಗ ಸಿದ್ದಲಿಂಗೇಶನ ಕೆಂಪು ಕಾರು ಧೂಳು ತಿನ್ನುತ್ತ ನಿಂತಿತ್ತು. ಗುಂಡಿ ಒತ್ತಿದರೆ ಟಾಪ್ ಮಡಚಿಕೊಂಡು ಹಿಂದೆ ಸರಿಯುವ, ಎರಡೇ ಸೀಟಿನ ಶೋಕಿ ಗಾಡಿ.

"ನನ್ನ ಮಗನ ಬಾಜೂಕ ಯಾರೂ ಕೂಡಬಾರದಂತ ಯಾರೋ ಮಾಟ ಮಾಡಿಸಿದ್ರು. ನಿಶ್ಚಯ ಆದ ಹುಡುಗಿ ಬಿಟ್ಟು ಹೋದ್ಲು, ಗೆಳ್ಯಾರು ಹೋದ್ರು. ಕಡೀಕ ಒಬ್ಬಾವನ ಇದರಾಗ ಕುಂತು ಸತ್ತ. ಮಂತ್ರ ಹಾಕಾವ್ರು ಆ ಗಾಳೀನ ಸ್ಟೇರಿಂಗಿಗೆ ಕರಿದಾರದಾಗ ಕಟ್ಟಿ, ಟಾಪ್ ಮುಚ್ಚಿ ಹೋಗ್ಯಾರ."

"ಟಾಪ್ ತೆಗೀದಿದ್ರ ಈ ಗಾಡಿ ಯಾರು ತಗೋತಾರ್ರಿ ಅಮ್ಮಾರ? ಛತ್ರಿ ಕೊಟ್ಟು ಬಿಚ್ಚಬ್ಯಾಡ ಅಂದಂಗಾತು," ಎಂದು ಕನಕರಾಜ ನಕ್ಕ.

ಹುಬ್ಬಳ್ಳಿಯಿಂದ ಬಂದು ಕೊಪ್ಪಳದಲ್ಲಿ ಹಳೆಯ ಕಾರುಗಳ ವ್ಯಾಪಾರ ಹಚ್ಚಿದ್ದ ಅವನಿಗೆ ಮಾಟವೆಂದರೆ ಕೆಲಸವಿಲ್ಲದವರ ಕಸುಬು. ಅವನ ಸಂಕಟ ಬೇರೆಯೇ ಇತ್ತು. ಹೆಂಡತಿ ಶಿವಲೀಲಾ ಎಳೆಗೂಸಿನೊಂದಿಗೆ ಇನ್ನೂ ಹುಬ್ಬಳ್ಳಿಯ ತವರಿನಲ್ಲೇ ಇದ್ದಳು. ಮನೆ ಮಾಡಿ ಕರೆತರುವಷ್ಟು ವ್ಯಾಪಾರ ಕುದುರಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ ತೊಳೆದಿಡುವಾಗ ಗಂಡಸಾದರೂ ಅವನಿಗೆ ಅಳು ಬರುತ್ತಿತ್ತು. ಈ ಕಾರೊಂದು ಮಾರಿದರೆ ಅವರು ಬರುತ್ತಾರೆ.

ಅಂದು ಅಮಾವಾಸ್ಯೆ. ಮಟಮಟ ಮಧ್ಯಾಹ್ನ. ಕೊಪ್ಪಳದ ದಾರಿಯ ಎರಡೂ ಬದಿಗೆ ಕಪ್ಪು ಎರೆಹೊಲ, ಕಣ್ಣು ಹಾಯುವಷ್ಟು ದೂರ ನರಪಿಳ್ಳೆಯಿಲ್ಲ. ಮುಚ್ಚಿದ ಕಾರಿನೊಳಗೆ ಹಳೆಯ ಲೋಬಾನದ, ಕೊಳೆತ ನಿಂಬೆಯ ವಾಸನೆ ಗಂಟಲು ಹಿಡಿಯಿತು. ಅವನು ಗಾಡಿ ನಿಲ್ಲಿಸಿ ಗುಂಡಿ ಒತ್ತಿದ. ಟಾಪ್ ನರಳುತ್ತ ಹಿಂದೆ ಸರಿಯಿತು. ಬಿಸಿಲು ಒಳಗೆ ಸುರಿಯಿತು. ಆದರೆ ಎಡಗಡೆ ಸೀಟಿನ ಮೇಲಿನ ಕತ್ತಲು ಮಾತ್ರ ಕದಲಲಿಲ್ಲ.

ಕನಕರಾಜ ಕಣ್ಣುಜ್ಜಿಕೊಂಡ. ಖಾಲಿ ಸೀಟು ನಿಧಾನವಾಗಿ ಕೆಳಗೆ ಕುಸಿಯಿತು. ಟಣ್, ಟಣ್, ಟಣ್. ಬೆಲ್ಟ್ ಹಾಕದೆ ಯಾರಾದರೂ ಕೂತರೆ ಬಡಿದುಕೊಳ್ಳುವ ಗಂಟೆ.

"ವೈರ್ ಕೆಟ್ಟಿರಬೇಕು," ಎಂದು ತನಗೆ ತಾನೇ ಹೇಳಿಕೊಂಡ. ಧೈರ್ಯಕ್ಕೆಂದು ಹೆಂಡತಿಗೆ ಫೋನ್ ಹಚ್ಚಿದ.

"ಬಾಜೂಕ ಯಾರದಾರ್ರಿ?" ಎಂದಳು ಶಿವಲೀಲಾ.

"ಯಾರೂ ಇಲ್ಲ."

"ಸುಳ್ಳು ಹೇಳಬ್ಯಾಡ್ರಿ. ಯಾವಾಕಿನೋ ಹೆಣ್ಮಗಳು ನಗಾಕತ್ಯಾಳ." ಫೋನ್ ಇಟ್ಟುಬಿಟ್ಟಳು.

ಆ ಮೇಲೆ ಅವನಿಗೆ ಬೇಕಾಗಿದ್ದದ್ದು ಒಂದೇ, ಗಾಡಿ ಕೈಬಿಡುವುದು. ಹೆಂಡತಿಯ ಕಾಲು ಹಿಡಿಯುವುದೊಂದು ಬಾಕಿ, ಆಣೆ ಪ್ರಮಾಣ ಮಾಡಿ ಒಪ್ಪಿಸಿದ. ಶಾಲೆಯ ಹತ್ತಿರ ಮನೆಯನ್ನೂ ಗೊತ್ತು ಮಾಡಿದ. ಅವಳು ಹೊರಟ ದಿನವೇ ಗಂಗಾವತಿಯ ಅಕ್ಕಿ ಮಿಲ್ಲಿನವರ ಮಗ ಕಲ್ಲೇಶ ಬಂದ. ಹೊಸದಾಗಿ ಮದುವೆ ನಿಶ್ಚಯವಾದವನು. ಟಾಪ್ ತೆಗೆದು, ಮುಚ್ಚಿ ನೋಡಿ ಕುಣಿದಾಡಿದ.

"ಗಾಡ್ಯಾಗ ಏನರೆ ಐಬು ಐತೇನ್ರಿ ಅಣ್ಣಾರ?"

ಕನಕರಾಜನ ನಾಲಿಗೆಯ ತುದಿಗೆ ಮಾತು ಬಂತು. ಶಿವಲೀಲಾ ಬಸ್ಸು ಹತ್ತಿದ್ದಳು, ಸಂಜೆಗೆ ಬರುವವಳು. "ಏನೂ ಇಲ್ರಿ," ಎಂದ. ಅದು ಪಾಪವೆಂದು ಅವನಿಗೆ ಗೊತ್ತಿತ್ತು.

ಕೀಲಿಕೈ ಕೊಡುವ ಮೊದಲು ಸ್ಟೇರಿಂಗಿಗೆ ಕಟ್ಟಿದ್ದ ಕರಿದಾರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಮಾರುವ ಪ್ರತಿ ಗಾಡಿಗೂ ಹೀಗೇ ಮಾಡುವವನು. ಅವನಪ್ಪ ದನದ ವ್ಯಾಪಾರಿ. ಎತ್ತು ಕೊಟ್ಟರೂ ಹಗ್ಗ ಕೊಟ್ಟವನಲ್ಲ. ಹಗ್ಗ ಹೋದರೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಅನ್ನುತ್ತಿದ್ದ. ಮಾಟಕ್ಕೆ ನಕ್ಕ ಮಹಾಶಯ ಇದನ್ನು ಮಾತ್ರ ಮರೆಯಲಿಲ್ಲ ನೋಡಿ! ಕಲ್ಲೇಶ ಗಾಡಿ ಓಡಿಸಿಕೊಂಡು ಹೋದ. ಗಂಟೆ ಬಡಿಯಲಿಲ್ಲ. ಕನಕರಾಜನಿಗೆ ಹೋದ ಜೀವ ಬಂದಂತಾಯಿತು.

ಹೊತ್ತು ಮುಳುಗುವಾಗ ತನ್ನ ಹಳೆಯ ಕಾರು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದ. ಶಿವಲೀಲಾ ಕೂಸನ್ನು ಕಂಕುಳಲ್ಲಿ ಹೊತ್ತು ನಗುತ್ತಲೇ ಬಂದಳು. ಎಡಗಡೆ ಬಾಗಿಲು ತೆಗೆದಳು. ನಗು ಆರಿತು.

"ಯಾರ್ರಿ ಇಕಿ?"

"ಎಲ್ಲಿ? ಯಾರು?"

"ಕೂಸಿನ ಮುಂದರೆ ನಾಚಿಕಿ ಬ್ಯಾಡೇನ್ರಿ ನಿಮಗ?"

ಲೋಬಾನದ ವಾಸನೆ. ಕನಕರಾಜನ ಕೈ ಜೇಬಿಗೆ ಹೋಯಿತು. ದಾರ ಒದ್ದೆಯಾಗಿತ್ತು, ಬಿಸಿಯಾಗಿತ್ತು. ಆಗ ತಿಳಿಯಿತು. ಹಗ್ಗ ಹಿಡಿದವನ ಹಿಂದೆ ದನ ಬರುತ್ತದೆ. ದಾರ ಕಿತ್ತು ಕಿಟಕಿಯಾಚೆ ಎಸೆದ. ಕೈ ನೋಡಿಕೊಂಡ. ಮಣಿಕಟ್ಟಿನ ಸುತ್ತ ದಾರ ಬಿಗಿದಿತ್ತು. ಬಾಗಿಲು ನೂಕಿದ. ತೆರೆಯಲಿಲ್ಲ. ಕೂಗಿದ. ದನಿ ಹೊರಡಲಿಲ್ಲ. ಬಾಗಿಲು ಬಡಿದು ಹೊರಟ ಶಿವಲೀಲಾ ತಿರುಗಿ ನೋಡಲಿಲ್ಲ. ಹುಬ್ಬಳ್ಳಿ ಬಸ್ಸು ಹೊರಟು ನಿಂತಿತ್ತು. ಅವಳು ಹತ್ತಿದಳು. ಹೆಗಲ ಮೇಲಿನ ಕೂಸು ಮಾತ್ರ ಅಪ್ಪನ ಕಡೆ ಕೈ ಚಾಚಿ ಅಳುತ್ತಿತ್ತು. ಬಸ್ಸು ಹೋಯಿತು.

ತಣ್ಣನೆಯ ಕೈಯೊಂದು ಅವನ ತೊಡೆಯ ಮೇಲೆ ಕೂತಿತು.

"ಮನಿ ಮಾಡೀರಲ್ಲ," ಎಂದಿತು ಪಕ್ಕದ ಸೀಟು, ಥೇಟ್ ಶಿವಲೀಲಾಳ ದನಿಯಲ್ಲಿ. "ನಡೀರಿ, ಹೋಗೂನು."